ಕಾಲಿರುವುದೆಲ್ಲ ಅಂಗಡಿಯದು

ನಿನ್ನೆ ಅಂಗಡಿಯಲ್ಲಿ ನಾನು ಕುಳಿತಿದ್ದ ಕುರ್ಚಿಯನ್ನು ತೋರಿಸಿ ಗಿರಾಕಿಯೊಬ್ಬರು, "ಇದು ಎಷ್ಟು?" ಎಂದರು. ಅವರ ಮಾತು ಮುಗಿಯುವ ಮೊದಲೇ ನಾನು ಎದ್ದು ನಿಂತಿದ್ದೆ. "ಅಜ್ಜಿ, ಅವರು ಕೇಳಿದ್ದು ಕುರ್ಚಿಗೆ, ನಿನಗಲ್ಲ!" ಎಂದು ನೀವಿಬ್ಬರೂ ಬಿದ್ದು ಬಿದ್ದು ನಕ್ಕಿರಿ. ನಾನೂ ನಕ್ಕೆ. ಊರ ಶಾಲೆಯಲ್ಲಿ ಏಳನೆಯ ಕ್ಲಾಸಿಗೇ ಓದು ಮುಗಿಸಿದವಳು ನಾನು. ಯಾಕೆ ಎದ್ದೆನೆಂದು ನಿಮ್ಮನ್ನು ಎದುರಿಗೆ ಕೂರಿಸಿಕೊಂಡು ಹೇಳಲು ಸಂಕೋಚ. ಅದಕ್ಕೇ ಬರೆಯುತ್ತಿದ್ದೇನೆ.

ಗೂಡಲೂರಿನ ನಮ್ಮ ಮರದ ಸಾಮಾನಿನ ಅಂಗಡಿ ಹೇಗೆ ಬೆಳೆಯಿತೆಂದು ಯಾರಾದರೂ ಕೇಳಿದರೆ ನಿಮ್ಮ ಅಪ್ಪ ಮೂರು ಭಾಷೆಯ ಬೋರ್ಡು ತೋರಿಸುತ್ತಾನೆ: 'ಕೇಳಿದ ದಿನವೇ ಮನೆಗೆ'. ನಿಮ್ಮ ಮುತ್ತಾತ ಗುಂಡ್ಲುಪೇಟೆ ಕಡೆಯಿಂದ ಬಂದು, ತಗಡಿನ ಶೆಡ್ಡಿನಲ್ಲಿ ಆಶಾರಿಗಳಿಂದ, ಅಂದರೆ ಮಲಯಾಳಿ ಬಡಗಿಗಳಿಂದ, ಬೆಂಚು ಮಾಡಿಸಿ ಚಹಾ ಎಸ್ಟೇಟುಗಳಿಗೆ ಮಾರಿದರು. ನಿಮ್ಮ ತಾತ ಮಂಚ, ಬೀರು, ಮದುವೆ ಸೆಟ್ಟುಗಳವರೆಗೆ ಏರಿಸಿದರು. ಬೇರೆಯವರು 'ಮುಂದಿನ ವಾರ ಬನ್ನಿ' ಎನ್ನುತ್ತಿದ್ದರು, ನಮ್ಮಲ್ಲಿ ಆ ಮಾತೇ ಇರಲಿಲ್ಲ. ಯಾಕೆಂಬುದು ಬೋರ್ಡಿನಲ್ಲಿಲ್ಲ. ಕೆಳಗೆ ಅಂಗಡಿ, ಮೇಲೆ ಮನೆ. ಗಿರಾಕಿ ಕೇಳಿದ್ದು ಕೆಳಗೆ ಇಲ್ಲದಿದ್ದರೆ ನಮ್ಮ ಮನೆಯದೇ ಮೇಲಿನಿಂದ ಇಳಿಯುತ್ತಿತ್ತು. ಊಟದ ನಡುವೆ ಮೇಜು ಹೋಗಿ, ತಟ್ಟೆ ಎತ್ತಿಕೊಂಡು ಗೋಡೆಗೊರಗಿ ಉಂಡದ್ದೂ ಉಂಟು. ಆಗ ಅದು ನನಗೆ ತಮಾಷೆಯಾಗಿತ್ತು.

ನನ್ನ ಅಪ್ಪ ಹಿತ್ತಲಿನ ಹಲಸನ್ನು ಕಡಿಸಿ ಮದುವೆಗೆ ಒಂದು ಬೀರು ಮಾಡಿಸಿಕೊಟ್ಟಿದ್ದರು. ಇಲ್ಲಿಯ ಮಳೆಗೆ ಅದು ಉಬ್ಬಿ, ಮಂಡಿಯಿಂದ ಒತ್ತಿದರೆ ಮಾತ್ರ ಬಾಗಿಲು ಹಾಕಿಕೊಳ್ಳುತ್ತಿತ್ತು. ಈ ಊರಿಗೆ ಒಗ್ಗುವುದು ನನಗಿಂತ ಅದಕ್ಕೇ ಕಷ್ಟವಾಯಿತೇನೋ. ನಿಮ್ಮ ಅಪ್ಪನನ್ನು ಹೆತ್ತು, ಬಾಣಂತನ ಮುಗಿಸಿ ತವರಿನಿಂದ ಬಂದಾಗ ನನ್ನ ಸೀರೆಗಳು ದುಪ್ಪಟಿಯ ಗಂಟಾಗಿ ಅಕ್ಕಿಮೂಟೆಯ ಪಕ್ಕದಲ್ಲಿದ್ದವು. ಬೀರು ಇತ್ತಲಾರು ಹಳ್ಳಿಯ ಮದುವೆಮನೆಗೆ ಹೋಗಿತ್ತು.

"ಮರ ತಾನೆ," ಎಂದರು ನಿಮ್ಮ ತಾತ, ತಲೆ ಎತ್ತದೆ. "ಆಶಾರಿ ಇನ್ನೊಂದು ಮಾಡ್ಕೊಡ್ತಾನೆ, ಬಿಡು."

ನನ್ನ ಅತ್ತೆ ನಕ್ಕರು. "ಕಾಲಿರೋದೆಲ್ಲ ಅಂಗಡೀದು ಕಣವ್ವ. ನಿಂಗೂ ಎರಡು ಕಾಲು ಅವೆ, ಹುಷಾರು!"

ಇನ್ನೊಂದು ಬರಲಿಲ್ಲ. ನಿಮ್ಮ ತಾತ ಕಣ್ಣು ಮುಚ್ಚಿದ ಮಂಚವೂ ತಿಂಗಳು ತುಂಬುವುದರೊಳಗೆ ಹೊಸ ಪಾಲಿಶ್ ಬಳಿಸಿಕೊಂಡು ಇಳಿದುಹೋಯಿತು.

ಇಷ್ಟೇ ಆಗಿದ್ದರೆ ನಾನು ನೊಂದವಳೆಂದುಕೊಂಡು ಸುಖವಾಗಿರಬಹುದಿತ್ತು. ನಿಮ್ಮ ಅಮ್ಮ ಮದುವೆಯಾಗಿ ಬಂದಾಗ ಕೆತ್ತಿ ಎಂಬ ಊರಿನ ತನ್ನ ತವರಿನಿಂದ ಒಂದು ಡ್ರೆಸ್ಸಿಂಗ್ ಟೇಬಲ್ ತಂದಿದ್ದಳು. ಒಂದು ದಿನ ಅವಳೂ ನಿಮ್ಮ ಅಪ್ಪನೂ ತೊರಪಳ್ಳಿಗೆ ಹೋಗಿದ್ದರು. ಅಂಗಡಿಯಲ್ಲಿ ನಾನೊಬ್ಬಳೇ. ಗಿರಾಕಿಯೊಬ್ಬರು ಬಂದು ಅಂಥದ್ದೇ ಕೇಳಿದರು. 'ಇಲ್ಲ' ಎನ್ನಲು ನನಗೆ ಯಾರೂ ಕಲಿಸಿರಲಿಲ್ಲ. ಮೇಲೆ ಹೋಗಿ ಬಾಚಣಿಗೆ, ಬಳೆ, ಬಿಂದಿ ಪಾಕೀಟನ್ನೆಲ್ಲ ಸ್ಟೀಲ್ ತಟ್ಟೆಗೆ ತೆಗೆದಿಟ್ಟು, ಆಶಾರಿಯನ್ನು ಕರೆದು ಟೇಬಲನ್ನು ಇಳಿಸಿಕೊಟ್ಟೆ. ಎಷ್ಟು ಅಚ್ಚುಕಟ್ಟಾಗಿ ಮಾಡಿದೆನೆಂದು ಹೆಮ್ಮೆಯೂ ಆಯಿತು.

ಸಂಜೆ ಅವಳು ಬಾಗಿಲಲ್ಲೇ ನಿಂತಳು. "ಅತ್ತೆ, ನನ್ನ ಕನ್ನಡಿ?"

"ಮರ ತಾನೆ ಮಗಳೇ, ಇನ್ನೊಂದು ಮಾಡಿಸೋಣ," ಎಂದೆ. ಆ ಮಾತು ನನ್ನ ಬಾಯಿಂದ ಎಷ್ಟು ಸಲೀಸಾಗಿ ಬಂತು!

ಅವಳು ಅಳಲಿಲ್ಲ. ಅಡುಗೆಮನೆಯ ಕಿಟಕಿಯ ಮೊಳೆಗೆ ಅಂಗೈಯಗಲದ ಕನ್ನಡಿ ತೂಗುಹಾಕಿದಳು. ಇಂದಿಗೂ ಅಲ್ಲೇ ತಲೆ ಬಾಚುತ್ತಾಳೆ. ಅಮ್ಮನಿಗೆ ಅದೇ ಇಷ್ಟವೆಂದು ನೀವು ತಿಳಿದಿದ್ದೀರಿ.

ನಿನ್ನೆ ನೀವು ನಕ್ಕಮೇಲೆ ನಿದ್ದೆ ಬರಲಿಲ್ಲ. ಈ ಬೆಳಿಗ್ಗೆ ಆಶಾರಿಯನ್ನು ಕರೆದು, ಅಂಗಡಿಯಲ್ಲಿ ಇರುವುದರಲ್ಲೇ ಒಳ್ಳೆಯ ಡ್ರೆಸ್ಸಿಂಗ್ ಟೇಬಲನ್ನು ಮೇಲಕ್ಕೆ ಹೊರಿಸಿದೆ. ನಿಮ್ಮ ಅಮ್ಮ ಜಡೆ ಹೆಣೆಯುತ್ತಲೇ ಒಮ್ಮೆ ತಿರುಗಿ ನೋಡಿದಳು.

"ಬೇಡ ಅತ್ತೆ. ಯಾರಾದ್ರೂ ಕೇಳಿದ್ರೆ ಪಾಪ ಆಶಾರಿ ಮತ್ತೆ ಇಳಿಸ್ಬೇಕು."

"ಇಲ್ಲಮ್ಮ, ಇದು ನಿನಗೇ," ಎಂದೆ.

ಅವಳು ಟೇಬಲಿನ ಕಡೆ ಬೆರಳು ತೋರಿಸಿದಳು. ಡ್ರಾಯರಿನ ಹಿಡಿಯಲ್ಲಿ ಬೆಲೆಚೀಟಿ ತೂಗಾಡುತ್ತಿತ್ತು. ಅದನ್ನು ಕಿತ್ತುಹಾಕಬೇಕೆಂದು ನನಗೆ ಹೊಳೆದೇ ಇರಲಿಲ್ಲ.