ಮೊನೆಟೋಪಿಯ ಸೆವೆರಿನ್

ಜರ್ಮನಿಯ ಕೊಬ್ಲೆಂಜಿನಲ್ಲಿ ಲೆನಾರ್ಟ್ಸ್ ಸಾಹುಕಾರರ ಕಾರ್ಖಾನೆಯಲ್ಲಿ ನಾನು ಸಿಪಾಯಿಗಳ ಟೋಪಿಗೆ ಒಳಪದರ ಹೊಲಿಯುತ್ತಿದ್ದೆ. ಸೆವೆರಿನ್ ದಾಮ್ ಅಲ್ಲಿನ ಹಿರಿಯ ಕೆಲಸಗಾರ. ನಮ್ಮ ಕೆಳಗಿನ ಮನೆಯವನೂ ಹೌದು. ಕುದಿಸಿದ ತೊಗಲನ್ನು ಮರದ ಅಚ್ಚಿನ ಮೇಲೆ ಎಳೆದು ಕೂರಿಸುವುದು, ಒಣಗಿದ ಮೇಲೆ ಕಪ್ಪು ಮೆರುಗೆಣ್ಣೆ ಬಳಿಯುವುದು, ಉಜ್ಜಿ ಮತ್ತೆ ಬಳಿಯುವುದು ಅವನ ಪಾಲಿನ ಕೆಲಸ. ಬಳಿದದ್ದರಲ್ಲಿ ತನ್ನ ಮೀಸೆ ಕಾಣಬೇಕು, ಅಲ್ಲಿಯವರೆಗೆ ಬಿಡುತ್ತಿರಲಿಲ್ಲ. ನೆತ್ತಿಗೆ ಹಿತ್ತಾಳೆಯ ಚೂಪು ಮೊನೆ, ಹಣೆಗೆ ರೆಕ್ಕೆ ಬಿಚ್ಚಿದ ಹದ್ದಿನ ಬಿಲ್ಲೆ ಕೂತ ಮೇಲೆ ಟೋಪಿಯನ್ನು ಅಂಗೈ ಮೇಲೆ ತಿರುಗಿಸಿ ನೋಡುತ್ತಿದ್ದ.

"ಇದ್ರಲ್ಲಿ ಶೋಕಿಗೆ ಅಂತ ಒಂದೂ ಇಲ್ಲ, ತಿಳ್ಕೊಳ್ಳಿ," ಎನ್ನುತ್ತಿದ್ದ ಹೊಸಬರಿಗೆ. "ಕುದುರೆ ಮೇಲಿನವನು ಕತ್ತಿ ಬೀಸಿದ್ರೆ ಮೊನೆಗೆ ತಾಗಿ ಜಾರತ್ತೆ. ಮೊನೆ ಒಳಗೆ ಟೊಳ್ಳು, ಬುಡದಲ್ಲಿ ತೂತು. ತಲೆಯ ಬಿಸಿ ಅಲ್ಲಿಂದ ಹೊರಗೆ ಹೋಗತ್ತೆ. ಹಿಂದಿನ ಅಂಚು ಕುತ್ತಿಗೆಗೆ ಮಳೆ ಬೀಳದ ಹಾಗೆ."

೧೯೧೪ರಲ್ಲಿ, ಯುದ್ಧ ಶುರುವಾದ ವರ್ಷ, ಅವನ ಒಬ್ಬನೇ ಮಗ ತೀಸ್ ಅಪ್ಪ ಮಾಡಿದ ಟೋಪಿ ಹಾಕಿಕೊಂಡೇ ಫ್ರಾನ್ಸಿನ ಕಡೆ ಹೊರಟ. ಮುಂದಿನ ಬೇಸಿಗೆ ರಜೆಗೆ ಬಂದಾಗ ಸೊರಗಿದ್ದ, ಮಾತೂ ಕಡಿಮೆಯಾಗಿತ್ತು. ಆಲೂಗಡ್ಡೆ ಸಾರಿನ ಮುಂದೆ ಕೂತು ಅಪ್ಪನೇ ಕೆದಕಿದ.

"ಟೋಪಿ ಹೇಗಿದೆಯೋ?"

"ಮಳೆಗೆ ಉಬ್ಬಿ ಮೆತ್ತಗಾಗತ್ತೆ ಅಪ್ಪಾ. ಮೇಲೆ ಬಟ್ಟೆ ಗವಸು ಹಾಕಿದ್ರೂ ಮೊನೆ ಕಂದಕದಿಂದಾಚೆ ಕಾಣತ್ತೆ. ಅದನ್ನ ನೋಡೇ ಗುಂಡು ಹೊಡೀತಾರೆ. ಸುಮಾರು ಜನ ಮುರಿದು ಬಿಸಾಕಿದಾರೆ."

"ಮುರಿಯೋದಾ? ಎಣ್ಣೆ ಹಚ್ಚಿ ನೋಡಿಕೊಳ್ಳಕ್ಕೆ ಸೋಮಾರಿತನ ನಿಮಗೆ! ಕತ್ತಿ ಏಟು ಬಿದ್ರೆ ಆಗ ಗೊತ್ತಾಗತ್ತೆ."

"ಅಲ್ಲಿ ಕತ್ತೀನೂ ಇಲ್ಲ, ಕುದುರೇನೂ ಇಲ್ಲ ಅಪ್ಪಾ. ಆಕಾಶದಿಂದ ಕಬ್ಬಿಣ ಸುರಿಯತ್ತೆ."

ಸೆವೆರಿನ್ ಚಮಚ ಎಸೆದು ಎದ್ದುಹೋದ. ಮಗ ಹೊರಟ ಬೆಳಿಗ್ಗೆ ಸ್ಟೇಷನ್ನಿಗೆ ತಾಯಿ ಅಪೊಲೋನಿಯ ಒಬ್ಬಳೇ ಹೋದಳು.

ಆ ಶರತ್ಕಾಲದಲ್ಲಿ ತೀಸ್ ಸತ್ತ. ಸುದ್ದಿಯ ಹಿಂದೆಯೇ ಕೈ ಕಳೆದುಕೊಂಡ ಅವನ ಗೆಳೆಯನೊಬ್ಬ ಮನೆಗೆ ಬಂದ. ಸಿಡಿಗುಂಡಿನ ಚೂರು ತೊಗಲನ್ನು ಸೀಳಿಕೊಂಡು ಎಡಗಿವಿಯ ಮೇಲೆ ಹೊಕ್ಕಿತ್ತಂತೆ. ಸೆವೆರಿನ್ ಕೇಳಿದ್ದು ಒಂದೇ ಮಾತು. "ಗಲ್ಲದ ಪಟ್ಟಿ ಸರಿಯಾಗಿ ಕಟ್ಟಿದ್ನಾ?"

"ಕಟ್ಟಿದ್ದ," ಎಂದ ಗೆಳೆಯ. ಅಪೊಲೋನಿಯ ಗಂಡನ ಮುಖ ನೋಡಿದಳು.

ಆಮೇಲೆ ಹೊರದೇಶದ ತೊಗಲು ಬರುವುದು ನಿಂತಿತು. ಉಣ್ಣೆ ಒತ್ತಿ ಟೋಪಿ ಮಾಡಿದೆವು, ತಗಡಿನಲ್ಲೂ ಮಾಡಿದೆವು. ಕೊನೆಗೆ ಎಲ್ಲರಿಗೂ ಮೊನೆಯಿಲ್ಲದ ಉಕ್ಕಿನ ಟೋಪಿ ಬಂತು. ನಮ್ಮ ಕಾರ್ಖಾನೆಯ ಅಟ್ಟದ ಮೇಲೆ ಹಳೆಯ ಟೋಪಿಗಳು ರಾಶಿ ಬಿದ್ದವು.

ಯುದ್ಧದಲ್ಲಿ ನಾವು ಸೋತ ಮೇಲೆ ಅಮೆರಿಕದ ಸಿಪಾಯಿಗಳು ಊರಿಗೆ ಬಂದು ಬೀಡುಬಿಟ್ಟರು. ಮನೆಗೆ ಒಯ್ಯಲು ಅವರಿಗೆಲ್ಲ ಮೊನೆಟೋಪಿಯೇ ಬೇಕು. ಸಾಹುಕಾರರು ರಾಶಿಯನ್ನು ಕೆಳಗಿಳಿಸಿದರು. ಒಬ್ಬ ಸಾರ್ಜೆಂಟ್ ಹೊಳೆಯುವ ಟೋಪಿಯನ್ನು ಪಕ್ಕಕ್ಕೆ ತಳ್ಳಿ, ಹರುಕುಮುರುಕು ಜರ್ಮನ್‌ನಲ್ಲಿ, "ಇದು ಹೊಸದು. ಯುದ್ಧ ಕಂಡದ್ದು ಬೇಕು. ತೂತು ಬಿದ್ದದ್ದು," ಎಂದ.

"ನಾಳೆ ಬನ್ನಿ ಸ್ವಾಮಿ," ಎಂದು ಅವನನ್ನು ಕಳಿಸಿ ಸಾಹುಕಾರರು ಸೆವೆರಿನ್ ಕಡೆ ತಿರುಗಿದರು. "ಒಂದು ತೂತು ಹೊಡಿಯಯ್ಯ."

"ನನ್ನ ಕೈಲಾಗಲ್ಲ ಸಾಹುಕಾರ್ರೇ. ನಿಮಗೆ ಗೊತ್ತಲ್ಲ."

"ಗೊತ್ತು. ಆಗಲ್ಲ ಅಂದ್ರೆ ಹೇಳು, ಬಾಗಿಲಾಚೆ ಕೆಲಸಕ್ಕೆ ಜನ ನಿಂತಿದಾರೆ. ಅವರ ಮನೇಲೂ ಸತ್ತಿದಾರೆ."

ಸೆವೆರಿನ್ ಉಳಿ ತಗೊಂಡ. ಮೊದಲ ತೂತು ತೀರಾ ದುಂಡಗೆ, ಅಚ್ಚುಕಟ್ಟಾಗಿ ಬಂತು. "ಇದೇನು ಗುಂಡಿ ಹಾಕೋ ಕಾಜಾನಾ?" ಎಂದು ಸಾಹುಕಾರರು ನಕ್ಕರು. ಅವನು ಕಬ್ಬಿಣ ಕಾಯಿಸಿ ತೊಗಲು ಸುಟ್ಟು, ಅಂಚನ್ನು ಒಳಕ್ಕೆ ಹರಿದ. ವಾರ ಕಳೆಯುವುದರೊಳಗೆ ಕೈ ಪಳಗಿತು. ಹಣೆಗೆ ಹೊಡೆಯುತ್ತಿದ್ದ, ನೆತ್ತಿಗೆ ಹೊಡೆಯುತ್ತಿದ್ದ. ಎಡಗಿವಿಯ ಮೇಲಕ್ಕೆ ಮಾತ್ರ ಹೊಡೆಯಲಿಲ್ಲ. ಒಳಗೆ ರಕ್ತದ ಕಲೆ ಬೇಕೆಂದವರಿಗೆ ಕಸಾಯಿಖಾನೆಯಿಂದ ತಂದು ಸವರುವ ಕೆಲಸ ನನಗೆ ಬಿತ್ತು.

ಸಂಬಳವಲ್ಲದೆ, ಟೋಪಿ ಕೊಂಡ ಸಿಪಾಯಿಗಳು ಮಾಂಸದ ಡಬ್ಬಿಯನ್ನೂ ಕೊಡುತ್ತಿದ್ದರು. ಮೊದಲ ಡಬ್ಬಿಯನ್ನು ಸೆವೆರಿನ್ ತನ್ನ ಮನೆಯ ಮೇಜಿನ ಮೇಲಿಟ್ಟಾಗ ನಾನು ಅಲ್ಲೇ ಇದ್ದೆ. ಎಲ್ಲಿಂದ ಬಂತೆಂದು ಅಪೊಲೋನಿಯಳಿಗೆ ಆಗಲೇ ತಿಳಿದಿತ್ತು.

"ಮೊದಲು ನಮ್ಮ ಮಕ್ಕಳಿಗೆ ಟೋಪಿ ಹಾಕಿದೆ. ಈಗ ಅಮೆರಿಕದವರಿಗೆ ಹಾಕ್ತಿದೀಯ. ಶಹಬ್ಬಾಸ್ ಸೆವೆರಿನ್."

"ಹಸಿದು ಸಾಯೋಣ ಅಂತೀಯಾ?"

"ಇಲ್ಲ. ಹಸಿವು ನನಗೂ ಇದೆ. ಅದಕ್ಕೇ ನಾಚಿಕೆ."

ಅವಳೇ ಡಬ್ಬಿ ತೆರೆದು ಮೂರು ಪಾಲು ಮಾಡಿದಳು. ನಾಲ್ಕು ವರ್ಷದಿಂದ ಕೊಬ್ಬು ಕಾಣದ ನಾಲಿಗೆ. ಮೂವರೂ ತಲೆ ಎತ್ತದೆ ತಿಂದೆವು.

ವಸಂತದಲ್ಲಿ ಅವಳು ಮಾಯೆನ್‌ನಲ್ಲಿದ್ದ ತಂಗಿಯ ಮನೆಗೆ ಹೋದಳು, ತಿರುಗಿ ಬರಲಿಲ್ಲ. ಸೆವೆರಿನ್ ಎರಡು ಸಲ ಹೋಗಿ ಕರೆದ. ಎರಡನೆಯ ಸಲ ತಂಗಿ ಬಾಗಿಲನ್ನೇ ತೆಗೆಯಲಿಲ್ಲ. ಅಮೆರಿಕದವರು ಊರು ಬಿಟ್ಟ ವರ್ಷ ಸಾಹುಕಾರರು ಟೋಪಿ ಬಿಟ್ಟು ತೊಗಲಿನ ಪೆಟ್ಟಿಗೆ ಹೊಲಿಸತೊಡಗಿದರು. ಮುದುಕನ ಕೈ ನಡುಗುತ್ತದೆಂದು ಸೆವೆರಿನ್‌ನನ್ನು ಕೆಲಸದಿಂದ ಬಿಡಿಸಿದರು. ಕೊನೆಗಾಲದಲ್ಲಿ ಅವನು ನದಿ ದಂಡೆಯ ಬೆಂಚಿನಲ್ಲಿ ಕೂತಿರುತ್ತಿದ್ದ. ಅವನ ತೂತಿನ ಕೆಲಸ ಗೊತ್ತಿದ್ದ ಪರಿಚಯದವರು ನಮಸ್ಕಾರ ಹೇಳಿ ದಾಟುತ್ತಿದ್ದರು. ಪಕ್ಕದಲ್ಲಿ ಯಾರೂ ಕೂರುತ್ತಿರಲಿಲ್ಲ, ರಕ್ತ ಸವರಿದ ನಾನೂ ಕೂರಲಿಲ್ಲ.