ಪೂರಾ ವೇಗದಲ್ಲಿ ಕಲಿಸಿದ ಪಾಠ

ತಮಿಳು ಸೀಮೆಯ ಮಣಲಿಯ ಎಣ್ಣೆ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದ ಚನ್ನವೀರಪ್ಪನಿಗೆ ಒಂದು ಪದ್ಧತಿಯಿತ್ತು. ಯಾವ ಪಂಪು ನೋಡಲು ಕರೆದರೂ ಮೊದಲು ಅದನ್ನು ಪೂರಾ ವೇಗಕ್ಕೆ ಏರಿಸಲು ಹೇಳುವನು. ಆಮೇಲೆ ಕಬ್ಬಿಣದ ಸಲಾಕೆಯ ಒಂದು ತುದಿ ಬೇರಿಂಗಿನ ಮೇಲೆ, ಇನ್ನೊಂದು ಕಿವಿಗೆ ಇಟ್ಟು, ಸಪ್ಪಳದಿಂದಲೇ ಏನು ಕೆಟ್ಟಿದೆಯೆಂದು ಹೇಳುವನು. ಗದಗಿನಿಂದ ಬಂದು ಇಪ್ಪತ್ತೊಂಬತ್ತು ವರ್ಷ; ಅವನ ಮಾತು ಸುಳ್ಳಾದದ್ದು ಕಡಿಮೆ. ಮನೆಯಲ್ಲಿ ಮಿಕ್ಸಿ ಕಿರುಗುಟ್ಟಿದರೆ ಹೆಂಡತಿ ಜಯದೇವಿ, "ತರ್ರಿ ನಿಮ್ಮ ಸಲಾಕಿ, ಚಟ್ನಿಗೆ ಏನ್ ಜಡ್ಡು ಬಂದೈತಿ ನೋಡ್ರಿ" ಎಂದು ಚುಚ್ಚುವಳು.

ಹೋದ ವರ್ಷ ಮೈಸೂರು ಕಡೆಯ ಜ್ಯೋತಿ ಇಂಜಿನಿಯರಾಗಿ ಬಂದಳು. ಹನ್ನೆರಡು ಪಂಪುಗಳಿಗೂ ಸೆನ್ಸರ್ ಕೂರಿಸಿ, ಅವುಗಳ ನಡುಕವನ್ನು ಕಂಪ್ಯೂಟರಿಗೆ ಉಣಿಸಿ, ಯಾವುದು ಕೆಟ್ಟಿದೆ ಎಂದು ಅದೇ ಗುರುತಿಸುವಂತೆ ಕಲಿಸುವ ಕೆಲಸ. ಡೀಪ್ ಲರ್ನಿಂಗ್ ಅಂತ ಅದಕ್ಕೆ ಹೆಸರು. ಕಲಿಸಲು ಬಲ್ಲವನೊಬ್ಬ ಬೇಕಲ್ಲ, ಆರು ತಿಂಗಳು ಚನ್ನವೀರಪ್ಪ ಪಕ್ಕದಲ್ಲಿ ನಿಂತು, ಇದು ಸವೆತ, ಇದು ಶಾಫ್ಟು ಓರೆ, ಇದು ಚೆನ್ನಾಗಿದೆ ಎಂದು ಹೇಳಿದ, ಅವಳು ಬರೆದುಕೊಂಡಳು.

ಈ ತಿಂಗಳು ಮಾಲಿಗೆ ಬೇಡಿಕೆ ಇಳಿದು ಪಂಪುಗಳೆಲ್ಲ ಅರ್ಧ ವೇಗದಲ್ಲಿದ್ದವು; ಏರಿಸಲು ಅಪ್ಪಣೆ ಇರಲಿಲ್ಲ. ಸೋಮವಾರ ಬೆಳಿಗ್ಗೆ ಮೂರನೆಯ ಪಂಪಿನ ಬೇರಿಂಗಿಗೆ ಚನ್ನವೀರಪ್ಪನ ಕೈ ತಾಗಿದರೆ ಎಂದಿಗಿಂತ ಹೆಚ್ಚಾಗಿ ಚುರುಕ್ಕೆಂದಿತು. ಸಲಾಕೆ ಇಟ್ಟು ಕೇಳಿದ, ಏನೂ ಇಲ್ಲ. ಕಂಪ್ಯೂಟರಿನ ಪರದೆಯಲ್ಲೂ ಎಲ್ಲ ಸರಿಯೆಂಬ ಹಸಿರು. ಆದರೆ ಅದರಲ್ಲಿ ಹರಿಯುವುದು ಕುದಿಯುವ ಎಣ್ಣೆ. ಬೇರಿಂಗ್ ಕಚ್ಚಿಕೊಂಡು, ಎಣ್ಣೆ ಸೋರದಂತೆ ತಡೆಯುವ ಸೀಲು ಒಡೆದರೆ ಬೆಂಕಿಯೇ. ಹತ್ತು ಹೆಜ್ಜೆ ಆಚೆ ಕೂತಿದ್ದ ಆಪರೇಟರ್ ಸಾಯಿ ಪರದೆಯತ್ತ ಕೈ ತೋರಿಸಿ, "ಅಣ್ಣೇ, ಅದು ನೀಂಗ ಪಡಿಕ್ಕ ವೆಚ್ಚ ಪಿಳ್ಳೆ ದಾನೆ" ಎಂದು, ನೀವೇ ಓದಿಸಿದ ಕೂಸಲ್ಲವೇ ಅಂತ ತಮಿಳಿನಲ್ಲಿ ನಕ್ಕ.

ಚನ್ನವೀರಪ್ಪ ಜ್ಯೋತಿಯ ಕೋಣೆಗೆ ಹೋಗಿ, ಮೂರನೆಯ ಪಂಪು ನಿಲ್ಲಿಸಬೇಕೆಂದ.

"ಅಂಕಲ್, ಕಂಪ್ಯೂಟರು ನೂರಕ್ಕೆ ತೊಂಬತ್ತೇಳು ಸಲ ಸರಿಯಾಗೇ ಹೇಳುತ್ತೆ. ಸುಮ್‌ಸುಮ್ನೆ ನಿಲ್ಸಿದ್ರೆ ಮ್ಯಾನೇಜರ್‌ಗೆ ಏನ್ ಹೇಳ್ಲಿ?"

ಆಗ ಅವನಿಗೆ ಹೊಳೆಯಿತು. ಆರು ತಿಂಗಳೂ ಪ್ರತಿ ಸಲ ವೇಗ ಏರಿಸಿಯೇ ಕೇಳಿದವನು ತಾನು. ಸವೆದ ಬೇರಿಂಗ್ ನಿಧಾನಕ್ಕೆ ತಿರುಗುವಾಗ ಹೇಗೆ ನಡುಗುತ್ತದೆಂದು ಕಂಪ್ಯೂಟರು ಕಂಡೇ ಇಲ್ಲ. ಹೇಳಿದರೆ ಇಷ್ಟು ವರ್ಷದ ಹೆಸರು ಹೋದೀತು. ಹೇಳದಿದ್ದರೆ, ಆ ಪಂಪಿನಿಂದ ಹತ್ತೇ ಹೆಜ್ಜೆಯಲ್ಲಿ ಸಾಯಿ ಕೂತಿರುತ್ತಾನೆ.

"ತಪ್ಪು ನಂದೈತಿ ನೋಡವಾ. ಜೋರ್ ತಿರುಗೂ ಪಂಪಿನ ಸಪ್ಪಳಷ್ಟ ಅದಕ್ಕ ಕಲಿಸೀನಿ. ಮೆಲ್ಲಕ ತಿರುಗೂದನ್ನ ಕೇಳಿಸೇ ಇಲ್ಲ."

ಜ್ಯೋತಿ ಹಳೆಯ ದಾಖಲೆಗಳನ್ನು ತೆರೆದು ನೋಡಿದಳು. ಎಲ್ಲವೂ ಒಂದೇ ವೇಗದವು. "ನಾನಾದ್ರೂ ಕೇಳ್ಬೇಕಿತ್ತು" ಎಂದು, ಪಂಪು ನಿಲ್ಲಿಸಲು ಹೇಳುವುದಕ್ಕೆ ಫೋನು ಎತ್ತಿಕೊಂಡಳು.

ಮಧ್ಯಾಹ್ನ ಬಿಚ್ಚಿ ನೋಡಿದರೆ ಬೇರಿಂಗಿನ ಬಳೆಯಲ್ಲಿ ಉಗುರಿನಗಲ ಚಕ್ಕೆ ಎದ್ದಿತ್ತು. ಯಾರಿಗೂ ಸಮಾಧಾನವಾಗಲಿಲ್ಲ.

"ಉಳಿದ ಹನ್ನೊಂದೂ ಹಸಿರೇ ತೋರಿಸ್ತಿವೆ ಅಂಕಲ್. ನೀವು ಕೇಳಿ ಹೇಳ್ತೀರಾ?"

"ಮೆಲ್ಲಕಿನ ಸಪ್ಪಳ ನನಗೂ ತಿಳಿಯಂಗಿಲ್ಲವಾ. ಬಿಚ್ಚೇ ನೋಡಬೇಕು."

ದಿನಕ್ಕೆ ಒಂದನ್ನು ಮಾತ್ರ ನಿಲ್ಲಿಸಬಹುದೆಂದು ಮ್ಯಾನೇಜರ್ ಹೇಳಿಕಳಿಸಿದ. ನಾಳೆ ಯಾವುದೆಂದು ಜ್ಯೋತಿ ಕೇಳಿದಳು. ಚನ್ನವೀರಪ್ಪ ಪಂಪುಗಳ ಸಾಲನ್ನು ಒಮ್ಮೆ ನೋಡಿ, ಸಾಯಿಯ ಕುರ್ಚಿಗೆ ಎಲ್ಲಕ್ಕಿಂತ ಹತ್ತಿರವಿದ್ದ ಪಂಪನ್ನು ತೋರಿಸಿದ.