ದೇವರ ಜಗಲಿಯಿಂದ ಇಳಿದ ಶಂಖ

ನಾವು ಹೈದರಾಬಾದಿನ ಕೂಕಟ್‌ಪಲ್ಲಿಯ ಫ್ಲ್ಯಾಟಿಗೆ ಬಂದ ವರ್ಷದ ಸಂಕ್ರಾಂತಿ ರಜೆ. ಯಾದಗಿರಿ ಕಡೆಯ ಹಳ್ಳಿಯಿಂದ ಬಂದಿದ್ದ ಅವ್ವನಿಗೆ ಮೊದಲ ಸಲ ಸಮುದ್ರ ತೋರಿಸಿದ್ದೆ, ಆಂಧ್ರದ ಬಾಪಟ್ಲದ ಹತ್ತಿರ. ಆಕೆ ನೀರಿಗಿಂತ ದಂಡೆಯನ್ನೇ ಹೆಚ್ಚು ನೋಡಿದಳು. ಸೆರಗಿನ ತುಂಬ ಚಿಪ್ಪು ಆರಿಸಿದಳು. ಊರಿಗೆ ಒಯ್ದು ಓಣಿಯವರಿಗೆಲ್ಲ ತೋರಿಸಬೇಕಿತ್ತು. ಸಮುದ್ರ ಕಂಡವರು ಆ ಓಣಿಯಲ್ಲಿ ಒಬ್ಬರೂ ಇರಲಿಲ್ಲ.

ಹೈದರಾಬಾದಿಗೆ ಮರಳಿದ ಮರುದಿನ ಬೆಳಿಗ್ಗೆ ಪೂಜೆಗೆ ಕೂತವಳು ಒಮ್ಮೆಲೇ ಕೂಗಿದಳು.

"ಏ ಸುಮೀ, ಲಗೂನ ಬಾ! ಶಂಖ ನಡ್ಯಾಕತ್ತೈತಿ!"

ಆರಿಸಿದ್ದರಲ್ಲೇ ಚೆಂದದ ಚಿಪ್ಪನ್ನು ಅವ್ವ ದೇವರ ಜಗಲಿಯ ಮೇಲೆ ಇಟ್ಟಿದ್ದಳು. ಅದೀಗ ಕುಂಕುಮದ ಬಟ್ಟಲು ಉರುಳಿಸಿ ಅಂಚಿಗೆ ಬಂದಿತ್ತು. ಕೆಳಗೆ ಸಣ್ಣ ಕಾಲುಗಳು. ಖಾಲಿ ಚಿಪ್ಪು ಹುಡುಕಿ ಅದರೊಳಗೆ ಸಂಸಾರ ಹೂಡುವ ಏಡಿ.

"ಶಂಖ ಅಲ್ಲ ಬೇ, ಏಡಿ."

"ಅಯ್ಯ ಶಿವನ! ಮನಿ ಸಮೇತ ಹೊತ್ಕೊಂಡು ಬಂದೀನಿ?"

ವಾಪಸ್ ಬಿಟ್ಟು ಬರೋಣ ಎಂದು ಮೊದಲು ಹೇಳಿದವಳು ನಾನೇ ಅಂತ ಬಹಳ ದಿನ ನಂಬಿದ್ದೆ. ಮೊನ್ನೆ ಹಳೆಯ ಡೈರಿ ತೆರೆದರೆ ನನ್ನದೇ ಅಕ್ಷರ: 'ಹತ್ತಿರದ ಕೆರೆಗೆ ಹಾಕೋಣ ಎಂದೆ. ಅವ್ವ ಸಿಟ್ಟಾದಳು.' ನೆನಪು ನನ್ನನ್ನು ಎಷ್ಟು ಒಳ್ಳೆಯವಳನ್ನಾಗಿ ಮಾಡಿಬಿಟ್ಟಿತ್ತು!

ಬೈದದ್ದು ಮಾತ್ರ ಸರಿಯಾಗಿ ನೆನಪಿದೆ. "ಉಪ್ಪನೀರಿನ ಜೀವ ಸಪ್ಪನ್ನ ಕೆರ್‍ಯಾಗ ಹೆಂಗ ಬಾಳ್ತೈತಿ? ನಿನ್ನ ಓದಿಸಿದ್ದ ದಂಡ ಆತು ನೋಡು."

ರೊಟ್ಟಿ ಬುಟ್ಟಿಯಲ್ಲಿ ಒದ್ದೆ ಬಟ್ಟೆ ಹಾಸಿ, ಉಪ್ಪುನೀರು ಚಿಮುಕಿಸಿ, ಕೊಬ್ಬರಿ ಚೂರು ಇಟ್ಟಳು. ಉಳಿದ ಚಿಪ್ಪುಗಳನ್ನೂ ಅದರ ಸುತ್ತ ಜೋಡಿಸಿದಳು. "ತನ್ನ ಓಣಿ ಅನ್ಕೊಂಡು ಹೆದರದಂಗ ಇರ್ಲಿ." ಆ ಸಂಜೆಯೇ ರೈಲು ಹತ್ತಿದೆವು. ದಾರಿಯುದ್ದಕ್ಕೂ ಬುಟ್ಟಿ ಅವ್ವನ ತೊಡೆಯ ಮೇಲೆ. ಮರುದಿನ ಬೆಳಿಗ್ಗೆ ದಂಡೆ ಮುಟ್ಟುವ ಹೊತ್ತಿಗೆ ಏಡಿ ಅಲುಗಾಡುವುದು ನಿಂತಿತ್ತು.

ಅಲ್ಲಿ ಮೀನು ಒಣಹಾಕುತ್ತಿದ್ದ ಹೆಂಗಸು ನಮ್ಮ ಕಥೆ ಕೇಳಿ ಹೊಟ್ಟೆ ಹಿಡಿದು ನಕ್ಕಳು. ಆಮೇಲೆ ನೇರಳೆ ಹೂವಿನ ಬಳ್ಳಿ ಹಬ್ಬಿದ ಮರಳದಿಬ್ಬಕ್ಕೆ ಕರೆದೊಯ್ದಳು. ತೆಲುಗಿನಲ್ಲಿ ಆಕೆ ಹೇಳಿದ್ದು ಇಷ್ಟು: ಬಳ್ಳಿ ಮರಳು ಹಿಡಿದು ದಿಬ್ಬ ಮಾಡ್ತದೆ, ಅದರ ನೆರಳಲ್ಲಿ ಏಡಿ ಬಾಳ್ತದೆ, ಏಡಿಯ ಹಿಕ್ಕೆ ಬಳ್ಳಿಗೇ ಗೊಬ್ಬರ. ಹಳೆಯ ಚಿಪ್ಪು ಒಡೆದು ಪುಡಿಯಾಗಿ ದಂಡೆಗೇ ಸೇರ್ತದೆ. "ಏಡಿ ಬೆಳೆದ ಹಾಗೆ ದೊಡ್ಡ ಚಿಪ್ಪು ಬೇಕಮ್ಮಾ. ನೀವೆಲ್ಲ ಚೀಲ ತುಂಬಿ ಒಯ್ದರೆ ಅದು ಎಲ್ಲಿಗೆ ಹೋಗಬೇಕು?"

ಕನ್ನಡದಲ್ಲಿ ತಿಳಿಸಿದೆ. ಅವ್ವ ಬುಟ್ಟಿಯನ್ನು ಬಳ್ಳಿಯ ಬುಡಕ್ಕೆ ಮೆಲ್ಲಗೆ ಬಗ್ಗಿಸಿದಳು. ಒಂದು ಚಿಪ್ಪು ಮುಷ್ಟಿಯಲ್ಲಿ ಉಳಿದಿತ್ತು. ಅದನ್ನೂ ಇಟ್ಟಳು.

ಬಿಸಿಲೇರುವವರೆಗೆ ಕಾದೆವು. ಸತ್ತೇ ಹೋಯಿತು ಅಂದುಕೊಂಡಾಗ ಒಂದು ಕಾಲು ಹೊರಬಂತು. ಪಕ್ಕದ ಚಿಪ್ಪಿನ ಬಾಯಿ ತಡವಿ ನೋಡಿ, ಬೇಡವೆನಿಸಿತೇನೋ, ಏಡಿ ಎಲೆಗಳಡಿ ನುಸುಳಿತು.

"ತಿರುಗಿ ಸೈತ ನೋಡ್ಲಿಲ್ಲ ನೋಡು!" ಅವ್ವನ ಮುಖ ಆವತ್ತು ಅರಳಿದ್ದನ್ನು ಡೈರಿ ನೋಡದೆಯೂ ಹೇಳಬಲ್ಲೆ.

ಊರಿಗೆ ಹೋಗಿ ಫೋನ್ ಮಾಡಿದಳು. "ಯಾರೂ ನಂಬ್ಲಿಲ್ಲ ಬಿಡು. ಮುಂದಿನ ವರ್ಷ ನಾಕ ಮಂದಿನ ಕರ್ಕೊಂಡು ಬರ್ತೀನಿ, ಅಲ್ಲೇ ತೋರ್ಸೋಣು."

ಬಂದದ್ದು ಆರು ಮಂದಿ. ದಂಡೆಯಲ್ಲಿ ಅವ್ವ ಎಲ್ಲರಿಗಿಂತ ಮುಂದೆ. ಹಿಂದಿನವರು ಬಗ್ಗಿದರೆ ಸಾಕು, ತಿರುಗಿ ಗದರಿಸುತ್ತಿದ್ದಳು:

"ಕೈ ಹಚ್ಚಬ್ಯಾಡ್ರಿ! ಒಳಗ ಯಾರರ ಅದಾರೇನ ನೋಡ್ರಿ ಮೊದ್ಲ!"